ದೋಣಿಯ ಕೈಪಂಪಿನ ಶೌಚಾಲಯ ತೋಟದ ಮನೆಗೆ ಆಗಿಬರುತ್ತದೆಯೇ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆ. ನಮ್ಮಣ್ಣನ ಮಗ ಗೋವಾದಲ್ಲಿದ್ದಾನೆ. ಗೆಳೆಯರ ಜೊತೆ ಸೇರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡು ರಿಪೇರಿ ಮಾಡಿಸುತ್ತಿದ್ದಾನೆ. ದಿನಗಟ್ಟಲೆ ಸಮುದ್ರದಲ್ಲೇ ಇರಬೇಕಾದ್ದರಿಂದ ಅದರೊಳಗೆ ಕೈಯಿಂದ ಪಂಪು ಹೊಡೆಯುವ ಶೌಚಾಲಯ ಕೂರಿಸಬೇಕಂತೆ. ಯಾವುದು ಕೈಕೊಡದೆ ಬಾಳುತ್ತದೆ ಎಂದು ಹುಡುಕುತ್ತಿದ್ದಾನೆ. ಅದನ್ನು ಕೇಳಿದ ಮೇಲೆ ನನಗೂ ಒಂದು ಯೋಚನೆ ಬಂತು. ಬೇಸಿಗೆ ಬಂದರೆ ನಮ್ಮ ಬೋರ್‌ನಲ್ಲಿ ನೀರು ಅಷ್ಟಕ್ಕಷ್ಟೆ. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಕರೆಂಟು, ಓವರ್‌ಹೆಡ್ ಟ್ಯಾಂಕು ಎರಡೂ ಇಲ್ಲದೆ ನಡೆಯುವ ಆ ಯಂತ್ರವನ್ನೇ ನಮ್ಮ ಮನೆಗೂ ತರಿಸಿದರೆ ಹೇಗೆ? ಮನೆಯಲ್ಲಿ ಐದು ಜನ ಇದ್ದೇವೆ. ಅವ್ವನಿಗೆ ಮಂಡಿ ನೋವು.
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ, ಕಾರಣ ಆಮೇಲೆ. ನಿಮ್ಮ ಅಣ್ಣನ ಮಗ ದೊಡ್ಡ ಪಂಪಿರುವ, ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಭಾಗವೆಲ್ಲ ಕೈಗೆ ಬರುವ, ವಾಷರ್ ಮತ್ತು ವಾಲ್ವುಗಳ ಕಿಟ್ ಸುಲಭವಾಗಿ ಸಿಗುವ ಯಂತ್ರವನ್ನು ಕೊಳ್ಳಲಿ. ನಿಮ್ಮ ಮನೆಗೆ ಆ ಯಂತ್ರ ಬೇಡ. ನಿಮಗೆ ಬೇಕಾದದ್ದು ಚೊಂಬಿನಲ್ಲಿ ನೀರು ಹುಯ್ಯುವ ಕಡಿದಾದ ಇಳಿಜಾರಿನ ಪ್ಯಾನು ಮತ್ತು ಅದಕ್ಕೆ ಸೇರಿಸಿದ ಜೋಡಿ ಗುಂಡಿ.

ಎರಡು ಉತ್ತರ ಬೇರೆಯಾದರೂ ಅವುಗಳಿಗೆ ಬಂದ ದಾರಿ ಒಂದೇ. ಸಮುದ್ರದಲ್ಲಾಗಲಿ ತೋಟದಲ್ಲಾಗಲಿ, ಶೌಚಾಲಯ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ನೀರು ಎಲ್ಲಿಂದ ಬರುತ್ತದೆ? ಹೋದದ್ದು ಎಲ್ಲಿಗೆ ಹೋಗುತ್ತದೆ? ಕಟ್ಟಿಕೊಂಡ ದಿನ ಅದನ್ನು ಬಿಚ್ಚುವವರು ಯಾರು? ಅಂಗಡಿಯಲ್ಲಿ ನಮಗೆ ತೋರಿಸುವುದು ಬಣ್ಣ, ಹೊಳಪು, ಬೆಲೆ. ಈ ಮೂರು ಪ್ರಶ್ನೆಗಳನ್ನು ನಾವೇ ಕೇಳಬೇಕು. ಮೂರನೆಯದನ್ನಂತೂ ಬಿಡಲೇಬಾರದು.

ದೋಣಿಯಲ್ಲಿ ಪಂಪು ಯಾಕೆ ಬೇಕು

ನೆಲದ ಮೇಲಿನ ಮನೆಯಲ್ಲಿ ನೀರು ಹುಯ್ದರೆ ಸಾಕು, ಎಲ್ಲವೂ ತಾನಾಗಿ ಕೆಳಕ್ಕೆ ಇಳಿಯುತ್ತದೆ. ದೋಣಿಯಲ್ಲಿ ಆ ಅನುಕೂಲ ಇಲ್ಲ. ಹಾಯಿದೋಣಿಯ ಒಳಕೋಣೆ ತಗ್ಗಿನಲ್ಲಿರುತ್ತದೆ. ಅಲ್ಲಿ ಕೂರಿಸಿದ ಕಮೋಡು ಸಾಮಾನ್ಯವಾಗಿ ಹೊರಗಿನ ಸಮುದ್ರದ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ತೂತು ಮಾಡಿ ಬಿಟ್ಟರೆ ಒಳಗಿನದು ಹೊರಗೆ ಹೋಗುವ ಬದಲು ಸಮುದ್ರವೇ ಒಳಗೆ ಬರುತ್ತದೆ. ಹಾಗಾಗಿ ಹೊಲಸನ್ನು ಮೇಲಕ್ಕೆತ್ತಿ ಹೊರಗೆ ತಳ್ಳಬೇಕು. ಆ ಕೆಲಸಕ್ಕೇ ಪಂಪು.

ಕಮೋಡಿನ ಪಕ್ಕದಲ್ಲಿ ನಿಂತಿರುವ ಈ ಪಂಪು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಹಾಗೆ ಪಿಸ್ಟನ್ನಿನಿಂದ ನಡೆಯುತ್ತದೆ. ಆದರೆ ಇದು ಎರಡು ಕಡೆಗೂ ದುಡಿಯುತ್ತದೆ. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದಾಗ ಪಿಸ್ಟನ್ನಿನ ಒಂದು ಬದಿ ಸಮುದ್ರದಿಂದ ನೀರೆಳೆದು ಕಮೋಡಿಗೆ ಬಿಡುತ್ತದೆ, ಇನ್ನೊಂದು ಬದಿ ಕಮೋಡಿನಲ್ಲಿದ್ದುದನ್ನು ಎಳೆದು ಹೊರಗಿನ ಪೈಪಿಗೆ ನೂಕುತ್ತದೆ. ಪಕ್ಕದ ಚಿಕ್ಕ ಸನ್ನೆಯನ್ನು ಒಂದು ಕಡೆಗೆ ತಿರುಗಿಸಿದರೆ ನೀರು ಬರುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ನೀರು ನಿಂತು ಕಮೋಡು ಖಾಲಿಯಾಗುತ್ತದೆ. ನೀರು ಬರುವ ಪೈಪು ಮುಕ್ಕಾಲು ಇಂಚಿನದು, ಹೊಲಸು ಹೋಗುವ ಪೈಪು ಒಂದೂವರೆ ಇಂಚಿನದು. ಎರಡೂ ದೋಣಿಯ ಹೊರಮೈಯನ್ನು ಕೊರೆದು ಹೋಗುವುದರಿಂದ ಎರಡರ ಬುಡದಲ್ಲೂ ತೆರೆದು ಮುಚ್ಚುವ ವಾಲ್ವು ಇರಲೇಬೇಕು. ಹೊರಹೋಗುವ ಪೈಪಿನ ಬಾಯಲ್ಲಿ ಎರಡು ತುಟಿಯಿರುವ ರಬ್ಬರಿನ ವಾಲ್ವೊಂದು ಕೂತಿರುತ್ತದೆ. ಹೋದದ್ದು ಮತ್ತೆ ಹಿಂದಕ್ಕೆ ಬರದಂತೆ ತಡೆಯುವುದು ಅದೇ.

ಒಂದು ಶೌಚಾಲಯಕ್ಕೆ ಇಷ್ಟು ಭಾಗಗಳು. ಇವುಗಳಲ್ಲಿ ಕೆಡುವುದು ಯಾವುದು, ಎಷ್ಟು ಬೇಗ ಕೆಡುತ್ತದೆ, ಕೆಟ್ಟದ್ದನ್ನು ಸರಿಮಾಡುವುದು ಎಷ್ಟು ಸುಲಭ ಎಂಬುದನ್ನು ನೋಡಿಯೇ ಯಂತ್ರವನ್ನು ಆರಿಸಬೇಕು.

ಕೆಡುವುದು ಹೇಗೆ

ಮೊದಲ ಶತ್ರು ಸುಣ್ಣದಂಥ ಬಿಳಿ ಪದರ. ಸಮುದ್ರದ ನೀರಿನಲ್ಲಿರುವ ಲವಣಗಳು ಮೂತ್ರದ ಜೊತೆ ಸೇರಿದಾಗ ಪೈಪಿನ ಒಳಗೋಡೆಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ನಮ್ಮ ಕಡೆ ಗಡಸು ಬೋರ್‌ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಾಣುವುದೂ ಇಂಥದ್ದೇ. ವರ್ಷಗಳು ಕಳೆದಂತೆ ಒಂದೂವರೆ ಇಂಚಿನ ಪೈಪಿನಲ್ಲಿ ಬೆರಳು ತೂರುವಷ್ಟು ಮಾತ್ರ ಜಾಗ ಉಳಿಯುತ್ತದೆ. ಜನ ಪಂಪು ಹಾಳಾಯಿತು ಎಂದುಕೊಳ್ಳುತ್ತಾರೆ, ಕಟ್ಟಿರುವುದು ಪೈಪು. ಇದನ್ನು ತಡೆಯಲು ಎರಡು ಅಭ್ಯಾಸ ಸಾಕು. ಕಮೋಡು ಖಾಲಿಯಾದ ಮೇಲೂ ಇನ್ನಷ್ಟು ಸಲ ಪಂಪು ಹೊಡೆದು, ಪೈಪಿನೊಳಗೆ ಮೂತ್ರ ನಿಲ್ಲದಂತೆ ತೊಳೆದು ಕಳಿಸುವುದು ಒಂದು. ಆಗಾಗ ವಿನೆಗರ್ ಹಾಕಿ, ಅದು ಪೈಪಿನಲ್ಲಿ ರಾತ್ರಿಯೆಲ್ಲ ನಿಲ್ಲುವಂತೆ ಬಿಡುವುದು ಇನ್ನೊಂದು.

ಎರಡನೆಯದು ರಬ್ಬರು ಒಣಗುವುದು. ಹಿಡಿ ಬಿಗಿಯಾಗಿ, ಕಿರುಗುಟ್ಟತೊಡಗಿದರೆ ಒಳಗಿನ ವಾಷರು ಒಣಗಿದೆ ಎಂದರ್ಥ. ಒಂದೆರಡು ಚಮಚ ಅಡುಗೆ ಎಣ್ಣೆ ಹಾಕಿ ಪಂಪು ಆಡಿಸಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ, ಹೊಸ ವಾಷರು ಹಾಕಿದರೆ ಪೂರ್ತಿ ಸರಿಹೋಗುತ್ತದೆ. ಸೀಮೆಎಣ್ಣೆ, ಬ್ಲೀಚಿಂಗ್, ಘಾಟು ವಾಸನೆಯ ಫಿನಾಯಿಲುಗಳನ್ನು ಇದರೊಳಗೆ ಸುರಿಯಬಾರದು, ಅವು ರಬ್ಬರನ್ನು ತಿಂದುಹಾಕುತ್ತವೆ.

ಮೂರನೆಯದು ಕಟ್ಟಿಕೊಳ್ಳುವುದು. ಇಲ್ಲಿ ನಮ್ಮ ಪದ್ಧತಿಯೇ ದೊಡ್ಡ ಅನುಕೂಲ. ಪಶ್ಚಿಮದ ನಾವಿಕರಿಗೆ ಕಾಗದದ್ದೇ ತಲೆನೋವು. ನೀರಿನಿಂದ ತೊಳೆದುಕೊಳ್ಳುವವರಿಗೆ ಆ ಚಿಂತೆ ಬಹುಪಾಲು ಇಲ್ಲ. ಪಕ್ಕದಲ್ಲೊಂದು ಚೊಂಬು ಸಿಹಿನೀರು ಇಟ್ಟುಕೊಂಡರೆ ಆಯಿತು. ಆದರೆ ಸ್ಯಾನಿಟರಿ ಪ್ಯಾಡು, ಹತ್ತಿ, ಕೂದಲು, ಒದ್ದೆ ಬಟ್ಟೆಯಂಥ ವೈಪು ಒಂದೂ ಒಳಗೆ ಬೀಳಬಾರದು. ಹೊಸ ಅತಿಥಿ ದೋಣಿ ಹತ್ತಿದೊಡನೆ ಸಂಕೋಚಪಡದೆ ಇದನ್ನು ಹೇಳಿಬಿಡಬೇಕು.

ನಾಲ್ಕನೆಯದು ಜೀವಕ್ಕೇ ಬರುವ ಅಪಾಯ. ಕಮೋಡು ಸಮುದ್ರಮಟ್ಟಕ್ಕಿಂತ ಕೆಳಗಿದ್ದು ವಾಲ್ವು ತೆರೆದೇ ಉಳಿದರೆ, ಟ್ಯಾಂಕಿನಿಂದ ಪೈಪಿನಲ್ಲಿ ನೀರೆಳೆದ ಹಾಗೆ ಸಮುದ್ರ ಸದ್ದಿಲ್ಲದೆ ಒಳಗೆ ಹರಿಯುತ್ತದೆ. ಎಲ್ಲರೂ ದಡಕ್ಕೆ ಹೋಗಿ ಬರುವಷ್ಟರಲ್ಲಿ ದೋಣಿ ಮುಳುಗಿರಬಹುದು. ಇದಕ್ಕೆ ಪರಿಹಾರವೆಂದರೆ ಎರಡೂ ಪೈಪುಗಳನ್ನು ಎತ್ತರಕ್ಕೊಯ್ದು ಬಾಗಿಸಿ, ಆ ಬಾಗಿನ ತುದಿಯಲ್ಲಿ ಗಾಳಿ ಎಳೆದುಕೊಳ್ಳುವ ಚಿಕ್ಕ ವಾಲ್ವು ಇಡುವುದು. ಗಾಳಿ ಒಳಬಂದರೆ ನೀರಿನ ಎಳೆತ ಕಡಿಯುತ್ತದೆ. ದೋಣಿ ಗಾಳಿಗೆ ಒಂದು ಕಡೆ ವಾಲಿದಾಗಲೂ ಆ ಬಾಗು ಸಮುದ್ರಮಟ್ಟಕ್ಕಿಂತ ಒಂದು ಗೇಣಾದರೂ ಮೇಲಿರಬೇಕು. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಈ ಬಾಗು ಇಲ್ಲದಿದ್ದರೆ ಅದನ್ನು ನಂಬುವಂತಿಲ್ಲ.

ಶೌಚಾಲಯದ ವಾಲ್ವು ತಪ್ಪಾದರೆ ಏನಾಗಬಹುದು ಎಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಸಾಕ್ಷಿ. 1945ರ ಏಪ್ರಿಲ್ 14ರಂದು ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿ ಸ್ಕಾಟ್ಲೆಂಡ್ ಕರಾವಳಿಯಲ್ಲಿ ನೀರಿನಡಿ ಇತ್ತು. ಆಳದಲ್ಲೂ ಬಳಸಬಹುದಾದ, ಹೆಚ್ಚಿನ ಒತ್ತಡದ, ನಡೆಸಲು ತೊಡಕಾದ ಅದರ ಶೌಚಾಲಯ ಕೈಕೊಟ್ಟು ಸಮುದ್ರ ಒಳನುಗ್ಗಿತು. ನೀರು ಕೆಳಗಿದ್ದ ಬ್ಯಾಟರಿಗಳನ್ನು ಮುಟ್ಟಿ ವಿಷಾನಿಲ ಹುಟ್ಟಿತು. ಉಸಿರಿಗಾಗಿ ಮೇಲೆ ಬಂದ ಹಡಗನ್ನು ಶತ್ರು ವಿಮಾನಗಳು ಕಂಡವು. ಕೊನೆಗೆ ಹಡಗನ್ನೇ ಬಿಟ್ಟುಕೊಡಬೇಕಾಯಿತು, ಜೀವಗಳೂ ಹೋದವು. ಬಳಸುವ ಎಲ್ಲರಿಗೂ ಸರಿಯಾಗಿ ನಡೆಸಲು ಬರದಂಥ ಯಂತ್ರ ಎಷ್ಟು ಬಲವಾಗಿದ್ದರೂ ಭರವಸೆಗೆ ಯೋಗ್ಯವಲ್ಲ.

ಯಾವುದನ್ನು ಕೊಳ್ಳಬೇಕು

ಸಾಮಾನ್ಯವಾಗಿ ಸಿಗುವವು ಎರಡು ಬಗೆ. ಮೇಲೆ ಹೇಳಿದ ಪಿಸ್ಟನ್ ಬಗೆ ಮೊದಲನೆಯದು. ಇದರಲ್ಲಿ ಜಾಬ್ಸ್ಕೊ ಕಂಪನಿಯದು ಅಗ್ಗ ಮತ್ತು ಎಲ್ಲ ಕಡೆಯೂ ಬಳಕೆಯಲ್ಲಿದೆ. ಪಂಪು ಚಿಕ್ಕದು, ಹೆಚ್ಚಿನ ಭಾಗ ಪ್ಲಾಸ್ಟಿಕ್, ಆದರೆ ಬಿಡಿಭಾಗದ ಕಿಟ್ ಬೇಗ ಸಿಗುತ್ತದೆ. ವಾರಾಂತ್ಯಕ್ಕೆ ಹೋಗಿಬರುವವರಿಗೆ ಇದು ಸಾಕು. ರಾರಿಟನ್‌ನ ಪಿಎಚ್-2 ಅದಕ್ಕಿಂತ ಗಟ್ಟಿ. ಅದರ ಪಂಪು ದೊಡ್ಡದು, ಉದ್ದನೆಯ ಸನ್ನೆ ಇರುವುದರಿಂದ ಕೈಗೆ ಶ್ರಮವೂ ಕಡಿಮೆ. ತಿಂಗಳುಗಟ್ಟಲೆ ದೋಣಿಯಲ್ಲೇ ಇರುವವರು ಇಂಥದ್ದನ್ನು ನೋಡಬೇಕು. ಇಂಗ್ಲೆಂಡಿನ ಬೇಬಿ ಬ್ಲೇಕ್ ಲೋಹದ ಪಂಪಿನ ಹಳೆಯ ಮಾದರಿ. ದಶಕಗಳ ಕಾಲ ಬಾಳುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ.

ಎರಡನೆಯ ಬಗೆ ಲಾವಾಕ್‌ನದು. ಇದರಲ್ಲಿ ಕಮೋಡಿನ ಮುಚ್ಚಳ ರಬ್ಬರಿನ ಅಂಚಿನಿಂದ ಗಾಳಿಯಾಡದಂತೆ ಬಿಗಿಯಾಗಿ ಕೂರುತ್ತದೆ. ಗೋಡೆಯ ಮೇಲಿನ ಪಂಪನ್ನು ಹೊಡೆದರೆ ಒಳಗಿನದು ಹೊರಹೋಗುತ್ತದೆ, ಆಗ ಉಂಟಾಗುವ ನಿರ್ವಾತವೇ ಸಮುದ್ರದ ನೀರನ್ನು ಕಮೋಡಿಗೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಇಲ್ಲ, ಸನ್ನೆ ತಿರುಗಿಸುವ ಗೊಂದಲ ಇಲ್ಲ. ಪಂಪಿನೊಳಗೆ ರಬ್ಬರಿನ ಒಂದು ಹಾಳೆ ಮತ್ತು ಎರಡು ರೆಪ್ಪೆ ವಾಲ್ವು ಮಾತ್ರ. ಹೊಸಬರಿಗೆ ಕಲಿಸುವುದೂ ಸುಲಭ: ಮುಚ್ಚಳ ಹಾಕು, ಪಂಪು ಹೊಡೆ, ಒಂದರೆಗಳಿಗೆ ಕಾದು ಮುಚ್ಚಳ ತೆಗೆ. ದೂರದ ಪಯಣಕ್ಕೆ ನನ್ನ ಶಿಫಾರಸು ಈ ಬಗೆಗೆ, ಇಲ್ಲವೇ ದೊಡ್ಡ ಪಂಪಿನ ಪಿಸ್ಟನ್ ಬಗೆಗೆ.

ಯಾವುದನ್ನೇ ಕೊಂಡರೂ ಎರಡು ಪೂರ್ತಿ ರಿಪೇರಿ ಕಿಟ್, ಒಂದು ಹೆಚ್ಚುವರಿ ತುಟಿ ವಾಲ್ವು, ಉತ್ತಮ ಸ್ಟೀಲಿನ ಕ್ಲಿಪ್ಪುಗಳು ದೋಣಿಯಲ್ಲಿರಲಿ. ಪೈಪಿನ ಪ್ರತಿ ತುದಿಗೂ ಎರಡೆರಡು ಕ್ಲಿಪ್ ಹಾಕಿಸಲಿ. ದೋಣಿಯ ಹೊರಮೈಯಲ್ಲಿರುವ ವಾಲ್ವಿನ ಬುಡದಲ್ಲೇ ಆ ತೂತಿಗೆ ಹೊಂದುವ ಮೆದು ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಟ್ಟಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮೊದಲು ಜೆಟ್ಟಿಯಲ್ಲೇ, ಯಂತ್ರ ಹೊಸದಾಗಿದ್ದು ಶುಚಿಯಾಗಿರುವಾಗಲೇ, ದೋಣಿಯಲ್ಲಿರುವ ಪ್ರತಿಯೊಬ್ಬರೂ ಅದನ್ನು ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಲಿ. ಗೋವಾದಲ್ಲೇ ಕಟ್ಟಿದ 56 ಅಡಿಯ ತಾರಿಣಿ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಹೊರಟು ಭೂಮಿಯನ್ನು ಸುತ್ತಿ 2018ರ ಮೇ 21ರಂದು ಮರಳಿದರು. ಅಷ್ಟು ದೀರ್ಘ ಪಯಣದಲ್ಲಿ ಒಂದು ಬಂದರಿಗೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಬರೀ ನೀರು. ಅಲ್ಲಿ ಕೆಟ್ಟದ್ದನ್ನು ದೋಣಿಯಲ್ಲಿರುವವರೇ ಸರಿಮಾಡಬೇಕು. ಸಮುದ್ರದಲ್ಲಿ ಭರವಸೆಯ ಯಂತ್ರ ಎಂಬುದಕ್ಕೆ ಅರ್ಥವೇ ಅದು: ಬಳಸುವವರ ಕೈಗೆ ರಿಪೇರಿ ನಿಲುಕಬೇಕು.

ಹೋದದ್ದು ಎಲ್ಲಿಗೆ ಎಂಬ ಪ್ರಶ್ನೆ ಅಲ್ಲಿಯೂ ಇದೆ. ಸಮುದ್ರ ದೊಡ್ಡದು, ನಿಜ. ಆದರೆ ಮಾಂಡೋವಿ ನದಿಯ ಅಳಿವೆಯಲ್ಲೋ ಮೀನುಗಾರರ ದಡದ ಹತ್ತಿರವೋ ಪಂಪು ಹೊಡೆದರೆ ಅದು ಯಾರದೋ ಸ್ನಾನದ ನೀರಿಗೆ, ಯಾರದೋ ಚಿಪ್ಪುಮೀನಿಗೆ ಸೇರುತ್ತದೆ. ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧ 2003ರಿಂದ ಜಾರಿಯಲ್ಲಿದೆ. ಅದರಂತೆ ಶುದ್ಧೀಕರಿಸದ ಶೌಚವನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರುವಾಗ ಮಾತ್ರ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಈ ನಿಯಮ ಇರುವುದು 400 ಟನ್ನಿಗೆ ಮೇಲ್ಪಟ್ಟ ಅಥವಾ 15ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಹಡಗುಗಳಿಗೆ. ಚಿಕ್ಕ ದೋಣಿಯವರೂ ಅದನ್ನೇ ತಮ್ಮ ಅಳತೆಗೋಲಾಗಿ ಇಟ್ಟುಕೊಳ್ಳುವುದು ಮರ್ಯಾದೆ. ದಡದ ಹತ್ತಿರ ಇರುವಷ್ಟು ಹೊತ್ತು ತುಂಬಿಟ್ಟುಕೊಳ್ಳಲು ಒಂದು ಟ್ಯಾಂಕು ಬೇಕು. ಒಮ್ಮೆ ಹೋದರೆ 3 ಲೀಟರ್, ದಿನಕ್ಕೆ 5 ಸಲ, ಇಬ್ಬರು ಎಂದು ಲೆಕ್ಕ ಹಾಕಿದರೆ ದಿನಕ್ಕೆ 30 ಲೀಟರ್ ಆಯಿತು. 60 ಲೀಟರಿನ ಟ್ಯಾಂಕು ಎರಡೇ ದಿನಕ್ಕೆ ತುಂಬುತ್ತದೆ. ದೋಣಿಯಲ್ಲಿ ಜಾಗವಿರುವಷ್ಟು ದೊಡ್ಡದನ್ನೇ ಇಡಿಸಲಿ.

ಈಗ ನಿಮ್ಮ ತೋಟದ ಮನೆಗೆ ಬರೋಣ

ದೋಣಿಯ ಯಂತ್ರಕ್ಕೆ ನೀರಿನ ಚಿಂತೆಯೇ ಇಲ್ಲ. ಸುತ್ತಲೂ ಸಮುದ್ರವಿದೆ, ಎಷ್ಟು ಬೇಕಾದರೂ ಎಳೆದುಕೊಳ್ಳುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣವಾಯಿತು. ಅದು ಮೊದಲ ಬಾರಿ ಕೋಡಿ ಹರಿದದ್ದು 1933ರಲ್ಲಿ, ಎರಡನೆಯ ಬಾರಿ 2022ರಲ್ಲಿ. ನಡುವೆ 89 ವರ್ಷ. ಇಂಥ ಸೀಮೆಯಲ್ಲಿ ಶೌಚಾಲಯವನ್ನು ಆರಿಸುವಾಗ ಕೊಡಗಟ್ಟಲೆ ಲೆಕ್ಕ ಹಾಕಲೇಬೇಕು.

ಜಲಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಇಟ್ಟಿದ್ದಾರೆ. ನಿಮ್ಮ ಐದು ಜನಕ್ಕೆ 275 ಲೀಟರ್. ಗುಂಡಿ ಒತ್ತಿದರೆ 10 ಲೀಟರ್ ಸುರಿಯುವ ಹಳೆಯ ಮಾದರಿಯ ಫ್ಲಶ್ ಟ್ಯಾಂಕನ್ನು ಐದು ಜನ ದಿನಕ್ಕೆ ಐದೈದು ಸಲ ಬಳಸಿದರೆ 250 ಲೀಟರ್ ಅಲ್ಲೇ ಮುಗಿಯಿತು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಉಳಿಯುವುದು ಎರಡು ಕೊಡ. ಅದೇ ಲೆಕ್ಕದಲ್ಲಿ, ಮೊದಲು ಹೇಳಿದ ಕಡಿದಾದ ಇಳಿಜಾರಿನ ಗ್ರಾಮೀಣ (ರೂರಲ್) ಪ್ಯಾನಿಗೆ ಒಮ್ಮೆಗೆ 2 ಲೀಟರ್ ಹುಯ್ದರೆ ದಿನಕ್ಕೆ 50 ಲೀಟರ್ ಸಾಕು. ದೋಣಿಯ ಪಂಪು ಇದಕ್ಕಿಂತ ಕಡಿಮೆ ನೀರಿನಲ್ಲಿ ಕೆಲಸ ಮಾಡುವುದಿಲ್ಲ. ಜೊತೆಗೆ ಅದರ ವಾಷರು, ವಾಲ್ವನ್ನು ನೀವು ಹೊಳಲ್ಕೆರೆ ಪೇಟೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಹುಡುಕಿದರೆ ಸಿಗದು. ನೆಲದ ಮೇಲೆ ಇಳಿಜಾರು ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸುವ ಅಗತ್ಯವಾದರೂ ಏನು?

ಗ್ರಾಮೀಣ ಪ್ಯಾನಿನ ಗುಟ್ಟು ಎರಡು ಅಳತೆಗಳಲ್ಲಿದೆ. ಪ್ಯಾನಿನ ತಳ 25ರಿಂದ 28 ಡಿಗ್ರಿಯಷ್ಟು ಕಡಿದಾಗಿ ಇಳಿಯುತ್ತದೆ. ಕೆಳಗಿನ ಬಾಗಿನಲ್ಲಿ, ಅಂದರೆ ಟ್ರ್ಯಾಪಿನಲ್ಲಿ, ನಿಲ್ಲುವ ನೀರು 20 ಮಿಲಿಮೀಟರ್ ಮಾತ್ರ. ವಾಸನೆ, ನೊಣ ಮೇಲೆ ಬರದಂತೆ ತಡೆಯಲು ಅಷ್ಟು ನೀರು ಸಾಕು. ಪೇಟೆಯ ಸಾಮಾನ್ಯ ಪ್ಯಾನಿನ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನಿಲ್ಲುತ್ತದೆ, ಅದನ್ನು ದಾಟಿಸಲು ಹೆಚ್ಚು ನೀರು ಹುಯ್ಯಬೇಕು. ಅಂಗಡಿಯಲ್ಲಿ "ರೂರಲ್ ಪ್ಯಾನು, ಅದರದೇ ಟ್ರ್ಯಾಪು" ಎಂದು ಬಾಯಿಬಿಟ್ಟು ಕೇಳಿ. ರೂರಲ್ ಪ್ಯಾನಿಗೆ ಪೇಟೆ ಟ್ರ್ಯಾಪು ಜೋಡಿಸಿದರೆ ಲಾಭವೆಲ್ಲ ಹೋಯಿತು. ಸಾಟೋ ಎಂಬ ಇನ್ನೊಂದು ಪ್ಲಾಸ್ಟಿಕ್ ಪ್ಯಾನೂ ಇದೆ. 2013ರ ಸುಮಾರಿಗೆ ಬಾಂಗ್ಲಾದೇಶದಲ್ಲಿ ಮೊದಲು ಬಂತು. ಅದರ ಕೆಳಗೊಂದು ತೂಗುವ ಮುಚ್ಚಳವಿರುತ್ತದೆ. ನೀರಿನ ಭಾರಕ್ಕೆ ತೆರೆದು, ಮತ್ತೆ ತಾನಾಗಿ ಮುಚ್ಚಿಕೊಳ್ಳುತ್ತದೆ, ನೀರು ಇನ್ನೂ ಕಡಿಮೆ ಸಾಕು. ಸಿಕ್ಕರೆ ನೋಡಬಹುದು.

ನಿಮ್ಮ ಅವ್ವನಿಗಾಗಿ ಕಮೋಡೇ ಬೇಕೆಂದರೆ ಅದಕ್ಕೂ ದಾರಿಯಿದೆ. ನೀರು ಹುಯ್ದು ಬಳಸುವ ಕಮೋಡುಗಳು ಸಿಗುತ್ತವೆ. ಅದಕ್ಕಿಂತ ಸುಲಭವೆಂದರೆ ನಡುವೆ ತೂತಿರುವ ಗಟ್ಟಿ ಸ್ಟೀಲ್ ಕುರ್ಚಿಯನ್ನು ಇದೇ ಪ್ಯಾನಿನ ಮೇಲೆ ಇಡುವುದು. ಕೂತು ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಎರಡೂ ಕಡೆ ಸ್ಟೀಲ್ ಹಿಡಿಕೆ ಹಾಕಿಸಿ. ದೋಣಿಯಲ್ಲೂ ಈ ಹಿಡಿಕೆ ಕಡ್ಡಾಯ. ವಯಸ್ಸಾದವರಿಗೆ ನೆಲದ ಮೇಲೂ ಅದರಷ್ಟೇ ಅಗತ್ಯ.

ಜೋಡಿ ಗುಂಡಿ ಯಾಕೆ

ಈಗ ಎರಡನೆಯ ಪ್ರಶ್ನೆ: ಹೋದದ್ದು ಎಲ್ಲಿಗೆ? ಜೋಡಿ ಗುಂಡಿಯಲ್ಲಿ ಒಂದು ತುಂಬುವ ತನಕ ಇನ್ನೊಂದು ಮುಚ್ಚಿರುತ್ತದೆ. ನೀರು ಗೋಡೆಯ ಕಿಂಡಿಗಳಿಂದ, ತಳದಿಂದ ಮಣ್ಣಿಗೆ ಇಂಗುತ್ತದೆ. ಅನಿಲವೂ ಮಣ್ಣಿಗೇ ಹೋಗುವುದರಿಂದ ಮೇಲಕ್ಕೆ ಗಾಳಿಕೊಳವೆ ನಿಲ್ಲಿಸಬೇಕಿಲ್ಲ. ಒಂದು ಗುಂಡಿ ತುಂಬಿದ ದಿನ, ಪ್ಯಾನಿನಿಂದ ಬಂದ ಪೈಪು ಎರಡು ಗುಂಡಿಗಳ ಕಡೆಗೆ ಕವಲೊಡೆಯುವ ಚೇಂಬರಿನಲ್ಲಿ ಅದರ ಬಾಯಿ ಮುಚ್ಚಿ, ಇನ್ನೊಂದರ ಬಾಯಿ ತೆರೆಯಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ಕೊಳೆತು, ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆಗಳು ಸತ್ತು, ವಾಸನೆಯಿಲ್ಲದ ಕಪ್ಪು ಗೊಬ್ಬರವಾಗುತ್ತದೆ. ಅದನ್ನು ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಮಣ್ಣಿನೊಳಗೆ ಸೇರಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಬೇಡ.

ಎಷ್ಟು ದೊಡ್ಡ ಗುಂಡಿ ಬೇಕು? ಒಬ್ಬರಿಂದ ವರ್ಷಕ್ಕೆ ಸುಮಾರು 45 ಲೀಟರ್ ಗಟ್ಟಿ ಭಾಗ ಉಳಿಯುತ್ತದೆಂದು ಹಿಡಿಯಿರಿ. ಐದು ಜನಕ್ಕೆ 225 ಲೀಟರ್. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ದುಂಡು ಗುಂಡಿಯಲ್ಲಿ ಸುಮಾರು 785 ಲೀಟರ್ ಹಿಡಿಯುತ್ತದೆ. ಅಂದರೆ ಮೂರು ವರ್ಷ ದಾಟಿ ನಡೆಯುತ್ತದೆ. ಪೈಪು ಒಳಬರುವ ಜಾಗಕ್ಕೆಂದು ಮೇಲೆ ಇನ್ನೊಂದು ಅಡಿ ಬಿಟ್ಟರಾಯಿತು. ಅದಕ್ಕಿಂತ ಆಳ ಬೇಡವೇ ಬೇಡ. ಹತ್ತು ಹದಿನೈದು ಅಡಿ ತೋಡಿಸಿ "ಜೀವಮಾನಕ್ಕೆ ತುಂಬುವುದಿಲ್ಲ" ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಹೊಲಸನ್ನು ಕೊಳೆಸುವ ಜೀವಾಣುಗಳು ಹೆಚ್ಚಾಗಿರುವುದು ಮೇಲ್ಮಣ್ಣಿನಲ್ಲಿ. ಆಳಕ್ಕೆ ಹೋದಷ್ಟೂ ಹೊಲಸು ಅಂತರ್ಜಲಕ್ಕೆ ಹತ್ತಿರವಾಗುತ್ತದೆ.

ಗುಂಡಿಗೂ ಬಾವಿ, ಬೋರ್‌ಗೂ ನಡುವೆ 10 ಮೀಟರ್ ಕನಿಷ್ಠ ದೂರ. ನಮ್ಮ ಕಡೆ ಮಣ್ಣಿನಡಿ ಬಿರುಕುಬಿಟ್ಟ ಬಂಡೆ ಬೇಗ ಸಿಗುತ್ತದೆ. ಬಿರುಕಿನಲ್ಲಿ ನೀರು ಸೋಸದೆ ದೂರಕ್ಕೆ ಓಡಬಲ್ಲದು. ಆದ್ದರಿಂದ ಜಾಗವಿದ್ದರೆ ಇನ್ನೂ ದೂರ, ಬೋರ್‌ಗಿಂತ ತಗ್ಗಿನ ಕಡೆ ತೋಡಿಸಿ. ಕೆಂಪು ಮಣ್ಣಾದರೆ ನೀರು ಚೆನ್ನಾಗಿ ಇಂಗುತ್ತದೆ. ಎರೆಮಣ್ಣಾದರೆ ಇಂಗುವುದು ನಿಧಾನ, ಅಲ್ಲಿ ಗುಂಡಿ ಅಗಲ ಮಾಡಿ ಸುತ್ತ ಮರಳು ತುಂಬಿಸಬೇಕು. ಗುಂಡಿ ತೋಡುವಾಗ ನೀರು ಜಿನುಗಿದರೆ ಆ ಜಾಗ ಬಿಡಿ. ನಿತ್ಯ ನೀರು ಹಾಯುವ ತೋಟದ ತಗ್ಗಿನಲ್ಲಿ ಹೀಗಾಗುವುದುಂಟು. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಈ ಗುಂಡಿಗೆ ಬರಬಾರದು, ಅದನ್ನು ಬಾಳೆ ಬುಡಕ್ಕೆ ಬಿಡಿ.

ಬಿಚ್ಚುವವರು ಯಾರು

ಹಳ್ಳಿಯಲ್ಲೂ ಈಗ ಸೆಪ್ಟಿಕ್ ಟ್ಯಾಂಕಿನ ಕಡೆಗೇ ಒಲವು. ದೊಡ್ಡದು, ಸಿಮೆಂಟಿನದು, ಗಟ್ಟಿಯಾದದ್ದು ಎಂಬ ಭಾವನೆ. ಆದರೆ ಅದು ತುಂಬಿದ ದಿನ ಒಳಗಿರುವುದು ಹಸಿ ಹೊಲಸೇ. ಸಕ್ಕಿಂಗ್ ಯಂತ್ರದ ಲಾರಿ ಕರೆಸಬೇಕು. ತೋಟದ ದಾರಿಗೆ ಲಾರಿ ಬಾರದಿದ್ದರೆ ಯಾರನ್ನೋ ಒಳಗಿಳಿಸುವ ಮಾತು ಬರುತ್ತದೆ. ಆ ಟ್ಯಾಂಕಿನೊಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಹೀಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಇಂದಿಗೂ ನಿಂತಿಲ್ಲ. ಲಾರಿ ಬಂದರೂ ಅದು ಒಯ್ದದ್ದನ್ನು ಶುದ್ಧಮಾಡುವ ಘಟಕ ಬೇಕು. 2015ರಲ್ಲಿ ದೇವನಹಳ್ಳಿಯಲ್ಲಿ ಅಂಥದ್ದೊಂದು ಶುರುವಾಯಿತು. ಘಟಕವಿಲ್ಲದ ಊರಲ್ಲಿ ಲಾರಿಯ ಹೊಲಸು ಯಾವುದೋ ಹಳ್ಳಕ್ಕೆ, ಯಾವುದೋ ಕೆರೆಯಂಚಿಗೆ ಬೀಳುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ನೆನಪಿಡಬೇಕಾದ ಚರಿತ್ರೆ ಇದೆ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅದೇ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ದೇಶದುದ್ದಕ್ಕೂ ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾನೂನು ಬಂತು. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಈಗ ಶಿಕ್ಷಾರ್ಹ ಅಪರಾಧ. ಇಷ್ಟಾದ ಮೇಲೂ, ನಾವು ಕಟ್ಟಿಸುವ ಶೌಚಾಲಯ ಒಂದು ದಿನ ಬೇರೊಬ್ಬರ ಕೈಯನ್ನು ಬೇಡುವಂತಿದ್ದರೆ ಆ ಅನ್ಯಾಯಕ್ಕೆ ನಾವೇ ಅಡಿಪಾಯ ಹಾಕಿದ ಹಾಗೆ. ಜೋಡಿ ಗುಂಡಿಯ ದೊಡ್ಡ ಗುಣ ಇದು. ಅದನ್ನು ತೆರೆಯುವ ಹೊತ್ತಿಗೆ ಒಳಗಿರುವುದು ಗೊಬ್ಬರ, ಮನೆಯ ಯಜಮಾನನೇ ಗುದ್ದಲಿ ಹಿಡಿದು ತೆಗೆಯಬಹುದು. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿ ಈ ಮಾದರಿಯನ್ನು ಹಬ್ಬಿಸಿದ್ದೂ ಇದೇ ಕಾರಣಕ್ಕೆ.

ಕಟ್ಟಿಸುವಾಗ ನೋಡಬೇಕಾದ್ದು

ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಹೇಳುತ್ತೇನೆ, ನೀವು ಎದುರಿಗೆ ನಿಂತು ತಪ್ಪಿಸಿ. ಎರಡು ಗುಂಡಿಗಳನ್ನು ಒಂದಕ್ಕೊಂದು ಪೈಪಿನಿಂದ ಸೇರಿಸಿಬಿಡುತ್ತಾರೆ. ಆಗ ಎರಡೂ ಒಟ್ಟಿಗೆ ತುಂಬುತ್ತವೆ, ಯಾವುದೂ ಗೊಬ್ಬರವಾಗುವುದಿಲ್ಲ. ಪ್ರತಿ ಗುಂಡಿಗೂ ಚೇಂಬರಿನಿಂದಲೇ ಬೇರೆ ಪೈಪು ಹೋಗಬೇಕು, ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್ ಮಣ್ಣು ಇರಬೇಕು. ತಳಕ್ಕೆ ಸಿಮೆಂಟು ಹಾಕುತ್ತಾರೆ, ಹಾಕಿಸಬೇಡಿ. ತೂತಿಲ್ಲದ ಸಿಮೆಂಟ್ ರಿಂಗು ಇಳಿಸುತ್ತಾರೆ. ಅದು ನೀರನ್ನು ಇಂಗಿಸುವುದಿಲ್ಲ, ಕಿಂಡಿ ಬಿಟ್ಟು ಇಟ್ಟಿಗೆ ಕಟ್ಟಿಸಿ ಅಥವಾ ತೂತಿರುವ ರಿಂಗು ತರಿಸಿ. ಪ್ಯಾನಿನಿಂದ ಗುಂಡಿಗೆ ಹೋಗುವ ಪೈಪಿಗೆ 15 ಅಡಿಗೆ ಒಂದು ಅಡಿಯಾದರೂ ಇಳಿಜಾರು ಬೇಕು. ಸರ್ಕಾರದ ಪ್ರೋತ್ಸಾಹಧನ ಸಿಗುವ ಅರ್ಹತೆ ನಿಮಗಿದೆಯೇ ಎಂದು ಕೆಲಸ ಶುರುಮಾಡುವ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ.

ಕೆಲಸ ಮುಗಿದ ದಿನ ಮೇಸ್ತ್ರಿಗೆ ಹಣ ಕೊಡುವ ಮೊದಲು ಚೇಂಬರಿನ ಚಪ್ಪಡಿ ಎತ್ತಿಸಿ. ಒಂದು ಬಾಯಿಗೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿಸಿ. ಪ್ಯಾನಿಗೆ 2 ಲೀಟರ್ ನೀರು ಹುಯ್ದು, ಅದು ತೆರೆದ ಗುಂಡಿಗೆ ಮಾತ್ರ ಹೋಗುತ್ತಿದೆಯೇ, ಚೇಂಬರಿನಲ್ಲಿ ಒಂದು ಹನಿಯೂ ನಿಲ್ಲದೆ ಹರಿಯುತ್ತಿದೆಯೇ ನೋಡಿ. ಮನೆಯ ಐದೂ ಜನಕ್ಕೆ, ಮಕ್ಕಳಿಗೂ, ಬಾಯಿ ಬದಲಿಸುವುದು ಹೇಗೆಂದು ಅಲ್ಲೇ ತೋರಿಸಿ. ಯಾವ ಗುಂಡಿ ಯಾವ ತಿಂಗಳಿಂದ ಬಳಕೆಯಲ್ಲಿದೆ ಎಂಬುದನ್ನು ಚೇಂಬರಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಗುಂಡಿ ಬದಲಿಸಿದಾಗ ಆ ತಾರೀಖನ್ನೂ ಅದರ ಕೆಳಗೇ ಬರೆಯಿರಿ. ಎರಡು ವರ್ಷ ತುಂಬುವ ಮೊದಲು ಮುಚ್ಚಿದ ಗುಂಡಿಯ ಚಪ್ಪಡಿಯನ್ನು ಯಾರೂ ಎತ್ತಬಾರದು.